ಸ್ಪಷ್ಟನೆ: ಮಾವೋರಿಗಳ ಕುದುರೆ ಸಾವಿರ ವರ್ಷ ಹಳೆಯದಲ್ಲ

ಕಡಲ ದಂಡೆಯಲ್ಲಿ ತಡಿಯಿಲ್ಲದೆ ಕುದುರೆ ಓಡಿಸುವ ಹುಡುಗರ ವಿಡಿಯೊ, ಅದರ ಕೆಳಗೊಂದು ಸಾಲು: ‘ನ್ಯೂಜಿಲೆಂಡಿನ ಮಾವೋರಿಗಳು ಸಾವಿರ ವರ್ಷದಿಂದ ಅಶ್ವಾರೋಹಿಗಳು.’ ಇದು ಸುಳ್ಳು. ಅಲ್ಲಿನ ಮೂಲನಿವಾಸಿಗಳಾದ ಮಾವೋರಿಗಳ ಪೂರ್ವಜರು ದೋಣಿಯಲ್ಲಿ ಬರುವಾಗ ತಂದದ್ದು ನಾಯಿ ಮತ್ತು ಇಲಿ. ಆ ನೆಲಕ್ಕೆ ಕುದುರೆ ಮೊದಲು ಕಾಲಿಟ್ಟದ್ದು 1814ರ ಡಿಸೆಂಬರ್‌ನಲ್ಲಿ.

ಪಾದ್ರಿ ಸ್ಯಾಮ್ಯುಯೆಲ್ ಮಾರ್ಸ್‌ಡೆನ್ ಸಿಡ್ನಿಯಿಂದ ‘ಆಕ್ಟಿವ್’ ಹಡಗಿನಲ್ಲಿ ಒಂದು ಗಂಡು, ಎರಡು ಹೆಣ್ಣು ಕುದುರೆ ತಂದಿದ್ದರು. ಸಿಡ್ನಿ ನೋಡಿ ಬಂದಿದ್ದ ಮಾವೋರಿ ಮುಖಂಡ ರುವಾತಾರಾ ಮನುಷ್ಯರನ್ನು ಹೊರುವ ಪ್ರಾಣಿಯ ಬಗ್ಗೆ ಮೊದಲೇ ಹೇಳಿದ್ದ, ಊರವರು ನಂಬಿರಲಿಲ್ಲ. ಪರೀಕ್ಷೆ ಮಾಡೋಣವೆಂದು ಕೆಲವರು ಹಂದಿಯ ಬೆನ್ನೇರಿ ಬಿದ್ದರಂತೆ! ಕೊನೆಗೆ ಮಾರ್ಸ್‌ಡೆನ್ ದಂಡೆಯ ಮೇಲೆ ಸವಾರಿ ಮಾಡಿ ತೋರಿಸಿದಾಗ ಎಲ್ಲರೂ ಬೆರಗಾಗಿ ನಿಂತರು.

ಹಾಗೆಂದು ಮಾವೋರಿಗಳಿಗೂ ಕುದುರೆಗೂ ನಂಟೇ ಇಲ್ಲ ಎನ್ನುವವರ ಮಾತೂ ಸರಿಯಲ್ಲ. ಕೆಲವೇ ದಶಕಗಳಲ್ಲಿ ಮಾವೋರಿಗಳು ನುರಿತ ಸವಾರರಾದರು. 1860ರ ದಶಕದ ಕೊನೆಯಲ್ಲಿ ವಸಾಹತು ಸೇನೆಯ ವಿರುದ್ಧ ಹೋರಾಡಿದ ಮಾವೋರಿ ನಾಯಕ ತೆ ಕೂಟಿಯ ಬಿಳಿ ಕುದುರೆಯ ಕಥೆಗಳು ಇಂದಿಗೂ ಜನರ ಬಾಯಲ್ಲಿವೆ. ರಸ್ತೆಗಳು ಸರಿಯಿಲ್ಲದ ಉರೆವೆರಾ ಕಾಡುಗಳಲ್ಲಿ, ಪೂರ್ವ ಕರಾವಳಿಯ ರುವಾಟೋರಿಯಾ ಸುತ್ತಮುತ್ತ ಕುದುರೆ ಈಗಲೂ ದಿನನಿತ್ಯದ ಸಂಗಾತಿ.

ವಿಡಿಯೊದ ಜೊತೆ ಬರುವ ಇನ್ನೊಂದು ಮಾತು, ಕೈಮನಾವಾ ಬೆಟ್ಟದ ಕಾಡುಕುದುರೆಗಳು ಅಲ್ಲಿನ ಮೂಲ ತಳಿ ಎಂಬುದು. ಅದೂ ತಪ್ಪು. ಅವು ಸಾಕಿದವರು ಬಿಟ್ಟ, ತಪ್ಪಿಸಿಕೊಂಡ ಕುದುರೆಗಳ ಸಂತತಿ. ಸೇನೆಯ ಕುದುರೆಗಳ ರಕ್ತವೂ ಸೇರಿದೆ. ಮೊದಲ ಉಲ್ಲೇಖ 1876ರದು. ಅಪರೂಪದ ಸಸ್ಯಗಳು ಉಳಿಯಲೆಂದು ಹಿಂಡನ್ನು ಸುಮಾರು 300ಕ್ಕೆ ಮಿತಿಗೊಳಿಸಿ, ಹೆಚ್ಚಾದವನ್ನು ಹಿಡಿದು ಸಾಕುವವರಿಗೆ ಕೊಡಲಾಗುತ್ತದೆ.