ತುಪ್ಪವೆಂಬ ಹೆಸರಿಗೆ ಒಂದು ಚಮಚ

ಕೊಡಗಿನ ರಸ್ತೆಗಳ ಇಕ್ಕೆಲಗಳಲ್ಲಿ ‘ಅಪ್ಪಟ ಕೊಡಗಿನ ಉಪಾಹಾರ, ತುಪ್ಪದೊಂದಿಗೆ’ ಎಂದು ಸಾರುವ ಫಲಕಗಳು ಹೆಚ್ಚಿದಷ್ಟೂ ಕೆಲವು ಅಡುಗೆಮನೆಗಳಲ್ಲಿ ತುಪ್ಪದ ಡಬ್ಬಿಗಳು ಕಾಣೆಯಾಗುತ್ತಿವೆ. ಇಲ್ಲದ ವಸ್ತುವನ್ನು ಇಷ್ಟು ಧಾರಾಳವಾಗಿ ಬಡಿಸುವ ಕಲೆಯನ್ನು ನಮ್ಮ ಪ್ರವಾಸೋದ್ಯಮ ಕರಗತ ಮಾಡಿಕೊಂಡಿರುವುದಕ್ಕೆ ಜಿಲ್ಲೆ ಹೆಮ್ಮೆಪಡಬೇಕು.

ಒಂದು ಜಿಡ್ಡಿನ ಬದಲು ಇನ್ನೊಂದನ್ನು ಬಳಸುವುದು ಅಪರಾಧವೇನಲ್ಲ. ಬೆಣ್ಣೆಯಲ್ಲಿ ನೀರಿನಂಶವೂ ಹಾಲಿನ ಘನಾಂಶವೂ ಇರುವುದರಿಂದ ಕಾದ ಕಾವಲಿಯ ಮೇಲೆ ಅದು ಬೇಗನೆ ಕಪ್ಪಾಗುತ್ತದೆ; ಆದ್ದರಿಂದ ದೋಸೆ ಹುಯ್ಯುವವರು ಎಣ್ಣೆ ಸವರಿದರೆ ಅದು ಅಡುಗೆಯ ಜಾಣತನ. ಆದರೆ ನಮ್ಮ ಅಕ್ಕಿ ಒಟ್ಟಿಯ ವಿಚಾರ ಬೇರೆ. ಬೆಂದ ಅನ್ನವನ್ನು ಅಕ್ಕಿಹಿಟ್ಟಿನೊಂದಿಗೆ ನಾದಿ, ಲಟ್ಟಿಸಿ, ಒಣ ಕಾವಲಿಯ ಮೇಲೆ ಬೇಯಿಸಿ, ಕೆಂಡದ ಮೇಲೆ ಉಬ್ಬಿಸಿದ ಬಳಿಕವೇ ಅದಕ್ಕೆ ತುಪ್ಪ ಬೀಳುವುದು. ಈರುಳ್ಳಿ, ಹಸಿಮೆಣಸು ಸೇರಿಸಿ ಎಣ್ಣೆಯಲ್ಲೇ ತಟ್ಟುವ ಬಯಲುಸೀಮೆಯ ಅಕ್ಕಿ ರೊಟ್ಟಿಯಲ್ಲಿ ಯಾವ ಜಿಡ್ಡು ಬೇಕಾದರೂ ಅಡಗಿಕೊಳ್ಳಬಹುದು. ಒಟ್ಟಿಯ ಮೇಲೆ ಅಡಗಲು ಜಾಗವೇ ಇಲ್ಲ. ಮಳೆಗಾಲದ ಬೆಳಿಗ್ಗೆ ಬಟ್ಟಲಿನಲ್ಲಿ ಹರಳುಗಟ್ಟಿದ ತುಪ್ಪ ಬಿಸಿ ಒಟ್ಟಿಯ ಮೇಲೆ ಕರಗಿ ಅಂಚಿನವರೆಗೂ ಹರಿದು, ಬಾಯಿಗಿಟ್ಟೊಡನೆ ಮಾಯವಾಗುತ್ತದೆ. ತುಪ್ಪದ ಹೆಸರಿನಲ್ಲಿ ಬರುವ ವನಸ್ಪತಿ, ಅಂದರೆ ಗಟ್ಟಿಗೊಳಿಸಿದ ಸಸ್ಯಜನ್ಯ ಎಣ್ಣೆಯಾದರೋ ಅಂಗುಳಿಗೆ ಮೇಣದಂತೆ ಮೆತ್ತಿಕೊಂಡು, ಬಿಸಿ ಕಾಫಿ ಹೋಗಿ ಎಬ್ಬಿಸುವವರೆಗೂ ಅಲ್ಲಿಂದ ಕದಲುವುದಿಲ್ಲ.

ಸರ್ಕಾರಕ್ಕೆ ಈ ಚಾಳಿ ಹಿಂದಿನಿಂದಲೂ ಗೊತ್ತು. ವನಸ್ಪತಿಯನ್ನು ತುಪ್ಪಕ್ಕೆ ಬೆರೆಸಿದರೆ ಪತ್ತೆಯಾಗಲೆಂದೇ ಅದರಲ್ಲಿ ಎಳ್ಳೆಣ್ಣೆ ಇರಬೇಕೆಂದು ನಿಯಮ ಮಾಡಲಾಗಿದೆ. ಪ್ರಯೋಗಾಲಯದಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಫರ್‌ಫ್ಯೂರಲ್ ಹಾಕಿ ಕುಲುಕಿದರೆ ಆ ಎಳ್ಳೆಣ್ಣೆ ಕೆಂಪಾಗಿ ನಿಜ ಒಪ್ಪಿಕೊಳ್ಳುತ್ತದೆ. ಪ್ರತಿ ಡಬ್ಬಿಯೊಳಗೂ ಒಬ್ಬ ಗುಪ್ತಚರನನ್ನು ಕೂರಿಸಿದ ಇಂಥ ಕಾನೂನಿಗೆ ನಮಸ್ಕರಿಸಲೇಬೇಕು. ದುರದೃಷ್ಟವಶಾತ್ ಒಟ್ಟಿಯ ಜೊತೆ ಎಳ್ಳು ಪಜ್ಜಿ ಎಂಬ ಚಟ್ನಿಯನ್ನೂ ಬಡಿಸುವ ನಾಡಿನಲ್ಲಿ, ತಟ್ಟೆಯಲ್ಲಿ ಸಿಕ್ಕ ಎಳ್ಳು ಯಾರ ಕಡೆಯ ಸಾಕ್ಷಿ ಎಂದು ಹೇಳುವುದು ಕಷ್ಟ. 2022ರ ಜನವರಿಯಿಂದ ಎಣ್ಣೆ ಮತ್ತು ಕೊಬ್ಬುಗಳಲ್ಲಿ ಹೃದಯಕ್ಕೆ ಕೆಡುಕಾದ ಟ್ರಾನ್ಸ್ ಕೊಬ್ಬು ಶೇಕಡಾ 2ನ್ನು ಮೀರಬಾರದೆಂದೂ ವಿಧಿಸಲಾಗಿದೆ. ಪೊಟ್ಟಣದ ಮೇಲೆ ಇವೆಲ್ಲವೂ ಸಣ್ಣ ಅಕ್ಷರಗಳಲ್ಲಿ ಇರುತ್ತವೆ. ಒಟ್ಟಿಯ ಮೇಲೆ ಅಕ್ಷರ ಮುದ್ರಿಸುವ ವಿಧಾನವನ್ನು ಮಾತ್ರ ಯಾರೂ ಇನ್ನೂ ಕಂಡುಹಿಡಿದಿಲ್ಲ.

ತಾಳೆ ಎಣ್ಣೆಯನ್ನು ತುಪ್ಪದ ಎಸೆನ್ಸ್‌ನೊಂದಿಗೆ ಬಳಸುವವರ ಪರವಾಗಿಯೂ ಒಂದು ಮಾತು ಹೇಳಬೇಕು. ಅತಿಥಿಗಳು ಬೆಂಗಳೂರಿನಿಂದ ಹೆಚ್ಚೆಂದರೆ 260 ಕಿಲೋಮೀಟರ್ ಬರುತ್ತಾರೆ. ಆ ಎಣ್ಣೆಯಾದರೋ ಬಹುಪಾಲು ಇಂಡೋನೇಷ್ಯಾ, ಮಲೇಷ್ಯಾಗಳಿಂದ ಸಮುದ್ರ ದಾಟಿ, ಘಾಟಿ ಹತ್ತಿ, ‘ಸ್ಥಳೀಯ ರುಚಿ’ ಎಂಬ ಬಿರುದು ಪಡೆಯಲೆಂದೇ ಇಲ್ಲಿಗೆ ಬರುತ್ತದೆ. ನಿಜವಾದ ಪ್ರವಾಸಿ ಯಾರು?

ಇಷ್ಟಾಗಿಯೂ ಸಂಶಯ ಪಡುವ ಅತಿಥಿಗಳು ಇರುತ್ತಾರೆ.

“ಇದು ತುಪ್ಪವೇನಪ್ಪಾ?”

“ತುಪ್ಪವೇ ಸಾರ್. ಘಮ ಬರುತ್ತಿಲ್ಲವೇ?”

“ಘಮ ಬರುತ್ತಿದೆ. ತುಪ್ಪ ಎಲ್ಲಿ?”

“ಇನ್ನೊಂದು ಚಮಚ ತರಲೇ ಸಾರ್?”

ಅದೇ ಡಬ್ಬಿಯಿಂದ ಇನ್ನೊಂದು ಚಮಚ ಬರುತ್ತದೆ. ಒಳಗೆ ಮಾಲೀಕರ ಮನೆಯವರು ತಮ್ಮ ಪಾಲಿನ ಒಟ್ಟಿಗೆ ಬೇರೆ ಬಟ್ಟಲಿನಿಂದ ಬಡಿಸಿಕೊಳ್ಳುತ್ತಿರುತ್ತಾರೆ, ಅವರು ಅಪ್ಪಟತನದ ಆಸೆ ಇಲ್ಲದ ಸಾಮಾನ್ಯ ಜನ. ಬಿಲ್ಲಿನಲ್ಲಿ ‘ಎಕ್ಸ್‌ಟ್ರಾ ತುಪ್ಪ’ ಎಂಬ ಸಾಲು ಪ್ರತ್ಯೇಕವಾಗಿ ಮೂಡುತ್ತದೆ. ಇಲ್ಲದ ಆ ತುಪ್ಪದ ಮೇಲೆ ಶೇಕಡಾ 5ರ ಜಿಎಸ್‌ಟಿಯೂ ಬೀಳುತ್ತದೆ, ಮತ್ತು ಇಡೀ ಬಿಲ್ಲಿನಲ್ಲಿ ಶುದ್ಧವಾಗಿರುವುದು ಅದೊಂದೇ.