ಬಂದಿದೆ, ಆದರೆ ಉದ್ಭವಿಸುವುದಿಲ್ಲ

ನಿದ್ದೆ ಬರದಿದ್ದರೆ ಒಬ್ಬೊಬ್ಬರದು ಒಂದೊಂದು ದಾರಿ. ಕೆಲವರು ಬಿಸಿ ಹಾಲು ಕುಡಿಯುತ್ತಾರೆ, ಕೆಲವರು ದೇವರ ನಾಮ ಹೇಳಿಕೊಳ್ಳುತ್ತಾರೆ. ನಾನು ಮಂತ್ರಿಗಳು ಸದನದಲ್ಲಿ ಕೊಟ್ಟ ಲಿಖಿತ ಉತ್ತರಗಳನ್ನು ಓದುತ್ತೇನೆ. ವಿಧಾನಸಭೆಯದ್ದಾದರೂ ಆದೀತು, ಲೋಕಸಭೆಯದ್ದಾದರೂ ಆದೀತು. ಮೇಲಿನ ಚೀಟಿ ಬೇರೆ, ಒಳಗಿನ ಗುಳಿಗೆ ಒಂದೇ.

ನಮ್ಮ ವಿಧಾನಸಭೆಯ ಉತ್ತರ ಪತ್ರ ನೋಡಿದ್ದೀರಲ್ವಾ? ಎಡಗಡೆ ಪ್ರಶ್ನೆ, ಬಲಗಡೆ ಉತ್ತರ, ನಡುವೆ ಒಂದು ಗೆರೆ. ಆ ಗೆರೆಯನ್ನು ಸುಮ್ನೆ ಎಳೆದಿಲ್ಲ. ಎಡಗಡೆಯದು ಬಲಗಡೆಗೆ ಸೋರಬಾರದಲ್ಲ! ಎಡಗಡೆ ಶಾಸಕರು ಕೇಳುತ್ತಾರೆ: 'ಶಾಲಾ ಕೊಠಡಿಗಳು ಶಿಥಿಲಾವಸ್ಥೆಯಲ್ಲಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?' ಬಲಗಡೆ ಒಂದೇ ಪದ: 'ಬಂದಿದೆ.' ಎಷ್ಟು ಚೊಕ್ಕ! ಗಮನಕ್ಕೆ ಬಂದದ್ದು ಅಲ್ಲಿಂದ ಮುಂದೆ ಎಲ್ಲಿಗೆ ಹೋಯಿತು ಅಂತ ಯಾರೂ ಕೇಳುವ ಹಾಗಿಲ್ಲ. ಕೇಳಿದರೂ ಅದಕ್ಕೊಂದು ವಾಕ್ಯ ಸಿದ್ಧವಿರುತ್ತದೆ. 'ಅನುದಾನದ ಲಭ್ಯತೆಗೆ ಅನುಗುಣವಾಗಿ, ಆದ್ಯತೆಯ ಮೇರೆಗೆ ಕ್ರಮ ವಹಿಸಲಾಗುವುದು.' ಈ ವಾಕ್ಯದಲ್ಲಿ ಕರ್ತೃಪದ ಎಲ್ಲಿದೆ ಅಂತ ವ್ಯಾಕರಣದ ಮೇಷ್ಟ್ರು ಟಾರ್ಚ್ ಹಾಕಿ ಹುಡುಕಿದರೂ ಸಿಗುವುದಿಲ್ಲ. ಮಾಡುವವರು ಯಾರೂ ಇಲ್ಲ, ಕ್ರಮ ತಾನೇ ಎದ್ದು ತನ್ನನ್ನು ವಹಿಸಿಕೊಳ್ಳಬೇಕು. ಕೊಠಡಿಯ ಸೂರಿಗೆ ಮಾತ್ರ ಇಷ್ಟು ಶಿಸ್ತಿಲ್ಲ. ಅದು ಯಾವ ಲಭ್ಯತೆಗೂ ಕಾಯದೆ ಬೀಳುತ್ತದೆ.

ಆದರೆ ಉತ್ತರಗಳ ರಾಜ ಅಂದರೆ 'ಉದ್ಭವಿಸುವುದಿಲ್ಲ'. ಮೊದಲ ಪ್ರಶ್ನೆಗೆ 'ಇಲ್ಲ' ಎಂದುಬಿಟ್ಟರೆ ಸಾಕು, ಹಿಂದೆ ಸಾಲಾಗಿ ನಿಂತ ಪ್ರಶ್ನೆಗಳೆಲ್ಲ ಹುಟ್ಟುವ ಮೊದಲೇ ಮಾಯ.

ಇತ್ತ ಪ್ರಶ್ನೆ ಕೇಳುವವರ ಪಾಡು ನೋಡಿ. ಲೋಕಸಭೆಯಲ್ಲಿ ಪೂರ್ತಿ 15 ದಿನ ಮೊದಲೇ ನೋಟಿಸ್ ಕೊಡಬೇಕು. ಆಮೇಲೆ ಚೀಟಿ ಎತ್ತುತ್ತಾರೆ. ದಿನಕ್ಕೆ 20 ಪ್ರಶ್ನೆಗೆ ಚುಕ್ಕೆಯ ಭಾಗ್ಯ, ಅಂದರೆ ಮಂತ್ರಿ ಎದ್ದು ನಿಂತು ಬಾಯಿ ಬಿಡುವ ಭಾಗ್ಯ. ಉಳಿದ 230ಕ್ಕೆ ಕಾಗದದ ಉತ್ತರವೇ ಗತಿ. ಪ್ರಶ್ನೆ ಸಾಮಾನ್ಯವಾಗಿ 150 ಪದ ದಾಟಬಾರದು. ಅದರಲ್ಲಿ ವಾದ ಇರಬಾರದು, ಊಹೆ ಇರಬಾರದು, ಅಭಿಪ್ರಾಯ ಕೇಳಬಾರದು. ಮುಖ್ಯವಾಗಿ ವ್ಯಂಗ್ಯ ಇರಬಾರದು. ತಮಾಷೆಯಲ್ಲ, ಲೋಕಸಭೆಯ ನಿಯಮ 41ರಲ್ಲೇ ಹೀಗಿದೆ. ಉತ್ತರಕ್ಕೂ ಇದೇ ಕಟ್ಟುಪಾಡು ಹಾಕಿದರೆ ಅರ್ಧ ಸಚಿವಾಲಯಕ್ಕೆ ಬೀಗ ಬೀಳುತ್ತದೆ.

ಇನ್ನು ರಸ್ತೆಗೆ ಬನ್ನಿ. ಗುಂಡಿಗೂ ಒಂದು ಗೋತ್ರವಿದೆ ಅಂತ ನನಗೆ ಗೊತ್ತಾದದ್ದು ಈ ಉತ್ತರಗಳಿಂದಲೇ. ರಾಷ್ಟ್ರೀಯ ಹೆದ್ದಾರಿಯ ಗುಂಡಿ ದೆಹಲಿಯದು. ರಾಜ್ಯ ಹೆದ್ದಾರಿಯದು ಲೋಕೋಪಯೋಗಿಯದು. ಹಳ್ಳಿ ರಸ್ತೆಯದು ಪಂಚಾಯತಿ ಪಾಲಿನದು. ಗೋತ್ರ ತಪ್ಪಿ ಕೇಳಿದಿರೋ, 'ಸದರಿ ವಿಷಯ ಈ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ.' ಬೈಕಿನಿಂದ ಬಿದ್ದವರು ಮೈ ಕೊಡವಿಕೊಂಡು ಮೊದಲು ಗುಂಡಿಯ ವಂಶಾವಳಿ ವಿಚಾರಿಸಬೇಕು. ಬೀಳುವ ಮುಂಚೆಯೇ ವಿಚಾರಿಸಿದರೆ ಇನ್ನೂ ವಾಸಿ. ಬಸ್ಸಿನ ಕತೆ ಇದಕ್ಕಿಂತ ಸರಳ. ಬಸ್ ಯಾಕಿಲ್ಲ? ಜನ ಹತ್ತುವುದಿಲ್ಲ. ಜನ ಯಾಕೆ ಹತ್ತುವುದಿಲ್ಲ? ಬಸ್ಸಿಲ್ಲ.

ಶಾಲೆಯದು ಇನ್ನೊಂದು ಬಗೆ. 1976ರ ತನಕ ಶಿಕ್ಷಣ ರಾಜ್ಯಗಳ ಪಟ್ಟಿಯಲ್ಲಿತ್ತು. 42ನೇ ತಿದ್ದುಪಡಿ ಬಂದು ಅದನ್ನು ಸಮವರ್ತಿ ಪಟ್ಟಿಗೆ ಹಾಕಿತು, ಅಂದರೆ ಕೇಂದ್ರಕ್ಕೂ ಸೇರಿತು, ರಾಜ್ಯಕ್ಕೂ ಸೇರಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಇಲ್ಲಿ ಜಗಳವೂ ಇಲ್ಲ. ಇಬ್ಬರೂ ಬಹಳ ಮರ್ಯಾದೆಯಿಂದ 'ನೀವು ಮೊದಲು' ಅನ್ನುತ್ತಾರೆ. ಕೇಂದ್ರದ್ದೇ ಲೆಕ್ಕದ ಪ್ರಕಾರ 2024-25ರಲ್ಲಿ ಒಬ್ಬರೇ ಶಿಕ್ಷಕರಿರುವ ಶಾಲೆಗಳು 1 ಲಕ್ಷಕ್ಕಿಂತ ಜಾಸ್ತಿ. ಅದೇ ಲೆಕ್ಕದಲ್ಲಿ ಒಂದು ಮಗುವೂ ಇಲ್ಲದ ಶಾಲೆಗಳು ಸುಮಾರು 8 ಸಾವಿರ, ಅಲ್ಲಿರುವ ಶಿಕ್ಷಕರು 20 ಸಾವಿರಕ್ಕೂ ಮೇಲೆ. ಅಲ್ಲಿನ ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯೇ ಇರಲಿಕ್ಕಿಲ್ಲ. ಗಲಾಟೆ ಮಾಡುವ ಮಕ್ಕಳಿಲ್ಲ, ಫೇಲಾಗುವವರಂತೂ ಮೊದಲೇ ಇಲ್ಲ. ಸಾಧನೆ ಅಂದರೆ ಇದು. ಯಾವ ಮಂತ್ರಿಯೂ ಇದನ್ನು ಭಾಷಣದಲ್ಲಿ ಹೇಳಿಕೊಳ್ಳದಿರುವುದು ಬರೀ ಸಂಕೋಚದಿಂದ ಇರಬೇಕು.

ಒಂದು ಉತ್ತರ ಮಾತ್ರ ನನ್ನ ನಿದ್ದೆಗೆ ಒದಗಲಿಲ್ಲ. 2020ರ ಸೆಪ್ಟೆಂಬರ್. ಲಾಕ್‌ಡೌನ್‌ನಲ್ಲಿ ಊರಿನ ದಾರಿ ಹಿಡಿದ ವಲಸೆ ಕಾರ್ಮಿಕರಲ್ಲಿ ಎಷ್ಟು ಜನ ಸತ್ತರು ಅಂತ ಲೋಕಸಭೆಯಲ್ಲಿ ಪ್ರಶ್ನೆ ಬಂತು. ಅಂಥ ಅಂಕಿಅಂಶ ಇಟ್ಟಿಲ್ಲ ಅಂತ ಕಾರ್ಮಿಕ ಸಚಿವಾಲಯ ಬರೆಯಿತು. ಸತ್ತವರ ಮನೆಯವರಿಗೆ ಪರಿಹಾರ? ಮೇಲಿನ ಉತ್ತರದ ಹಿನ್ನೆಲೆಯಲ್ಲಿ ಆ ಪ್ರಶ್ನೆ ಉದ್ಭವಿಸುವುದಿಲ್ಲ. ಎಣಿಸದಿದ್ದರೆ ಸತ್ತಿಲ್ಲ, ಸಾಯದಿದ್ದರೆ ಕೊಡಬೇಕಿಲ್ಲ. ತರ್ಕದಲ್ಲಿ ಒಂದು ಎಳೆ ಬಿಟ್ಟಿಲ್ಲ.

ಅದೇ ಅಧಿವೇಶನದಲ್ಲಿ ಕೋವಿಡ್ ಕಾರಣಕ್ಕೆ ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟರು, ಲಿಖಿತ ಉತ್ತರವಷ್ಟೇ ಉಳಿಯಿತು. ಭಾಷಣಗಳು ನಡೆದವು, ಮಸೂದೆಗಳು ಪಾಸಾದವು. ವೈರಸ್ಸಿಗೆ ಪ್ರಶ್ನಾರ್ಥಕ ಚಿಹ್ನೆಯ ಮೇಲೆ ಮಾತ್ರ ಸೇಡು ಅಂತ ಕಾಣುತ್ತದೆ.

ಹಾಗಂತ ಮಂತ್ರಿಗಳ ಮಾತಿಗೆ ಕಾವಲೇ ಇಲ್ಲ ಅನ್ನಬೇಡಿ. ಸರ್ಕಾರಿ ಭರವಸೆಗಳ ಸಮಿತಿ ಅಂತ ಲೋಕಸಭೆಯಲ್ಲಿ 1953ರಿಂದ ಇದೆ. 'ಪರಿಶೀಲನೆಯಲ್ಲಿದೆ', 'ವಿಚಾರಿಸುತ್ತೇನೆ' ಎಂಬ ಮಾತುಗಳನ್ನೆಲ್ಲ ಅದು ಭರವಸೆ ಎಂದೇ ಬರೆದುಕೊಳ್ಳುತ್ತದೆ. ಮೂರು ತಿಂಗಳೊಳಗೆ ಈಡೇರಿಸಬೇಕು. ಆಗದಿದ್ದರೆ ಸಮಯ ಕೇಳಬಹುದು. ಅದೂ ಬೇಜಾರಾದರೆ, 'ದಯವಿಟ್ಟು ಈ ಭರವಸೆಯನ್ನು ಕೈಬಿಡಿ' ಅಂತ ಸಚಿವಾಲಯವೇ ಸಮಿತಿಗೆ ಬರೆಯಬಹುದು. ಸಾಲ ತೀರಿಸಲಾಗದೆ ಬ್ಯಾಂಕಿಗೆ ಇಂಥದೊಂದು ಕಾಗದ ಬರೆದು ನೋಡಬೇಕು ಅಂತ ನನಗೆ ಬಹಳ ದಿನದ ಆಸೆ.

ಇಷ್ಟೆಲ್ಲ ಅಚ್ಚುಕಟ್ಟಾಗಿ ನಡೆದಿರುವಾಗ ಒಂದು ರಸಭಂಗ. 2024ರ ಡಿಸೆಂಬರ್‌ನಲ್ಲಿ ರಸ್ತೆ ಅಪಘಾತಗಳ ಬಗ್ಗೆ ಲೋಕಸಭೆಯಲ್ಲಿ ಪ್ರಶ್ನೆ ಬಂತು. 2022ರಲ್ಲೇ ನಮ್ಮ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಮಂತ್ರಿ ನಿತಿನ್ ಗಡ್ಕರಿ ಎದ್ದರು. ಗೋತ್ರ ಕೇಳಲಿಲ್ಲ, ಅನುಬಂಧ ತೋರಿಸಲಿಲ್ಲ. ಅಪಘಾತ ಕಡಿಮೆಯಾಗುವುದಿರಲಿ, ಜಾಸ್ತಿಯಾಗಿದೆ, ಒಪ್ಪಿಕೊಳ್ಳಲು ಸಂಕೋಚವಿಲ್ಲ ಅಂದರು. ವಿದೇಶದ ಸಭೆಗಳಲ್ಲಿ ಈ ವಿಷಯ ಎತ್ತಿದರೆ ಮುಖ ಮುಚ್ಚಿಕೊಳ್ಳಲು ನೋಡುತ್ತೇನೆ ಅಂತಲೂ ಅಂದರು. ಅಧಿಕಾರಿಗಳ ಗ್ಯಾಲರಿಯಲ್ಲಿ ಚೀಟಿ ಬರೆಯುತ್ತಿದ್ದವರ ಪೆನ್ನು ಕೈಜಾರಿರಬೇಕು. ಹೀಗೆ ನೇರವಾಗಿ ಹೇಳಿಬಿಟ್ಟರೆ ಉಪಪ್ರಶ್ನೆ ಕೇಳುವವರಾದರೂ ಏನು ಕೇಳಬೇಕು? ಇದೇ ಚಾಳಿ ಉಳಿದ ಇಲಾಖೆಗಳಿಗೂ ಹರಡಿದರೆ?

ಆ ರಾತ್ರಿ ಎಷ್ಟು ಹೊರಳಾಡಿದರೂ ಕಣ್ಣು ಹತ್ತಲಿಲ್ಲ. ಕೊನೆಗೆ ಎದ್ದು ಶಾಲೆಗಳ ಬಗೆಗಿನ ಹಳೆಯ ಉತ್ತರವೊಂದನ್ನು ಹುಡುಕಿ ತೆಗೆದೆ. '(ಅ) ರಿಂದ (ಉ): ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದ್ದು, ಸದನದ ಮುಂದೆ ಮಂಡಿಸಲಾ...'