ಕರೆಂಟ್ ಹೋತೇನವ್ವ?

ಮೊದಲ ದೃಶ್ಯ ಮುಗಿದು ದೀಪಗಳೆಲ್ಲ ಆರಿದವು. ಮೂರನೇ ಸಾಲಿನಿಂದ ನಮ್ಮ ದೊಡ್ಡವ್ವನ ದನಿ ಬಂತು: "ಕರೆಂಟ್ ಹೋತೇನವ್ವ?"

ಪಕ್ಕದಲ್ಲಿ ಕೂತವರನ್ನು ಕೇಳಿದ್ದು. ಆದರೆ ನಮ್ಮ ದೊಡ್ಡವ್ವ ಗುಟ್ಟು ಹೇಳಿದರೂ ಪಕ್ಕದ ಓಣಿಗೆ ಕೇಳಿಸುತ್ತದೆ. ಎಲ್ಲರೂ ನಕ್ಕರು. ಚದುರಂಗದ ಮಣೆ ಹಿಡಿದು ಅದೇ ಕತ್ತಲಲ್ಲಿ ರಂಗದ ಮೇಲೆ ಕಾಲಿಡುತ್ತಿದ್ದ ನನಗೆ ಮಾತ್ರ ನಗು ಬರಲಿಲ್ಲ.

ನಾನು ನಾಟಕ ಕಲಿಯುತ್ತಿರುವ ಹುಡುಗ. ಕಲಿಯುವುದು ಅಂದರೆ ಸದ್ಯಕ್ಕೆ ಸಾಮಾನು ಹೊರುವುದು. ಎರಡು ದೃಶ್ಯಗಳ ನಡುವೆ ಹತ್ತು ಹದಿನೈದು ಸೆಕೆಂಡು ಕತ್ತಲು ಮಾಡುತ್ತಾರಲ್ಲ, ಬ್ಲ್ಯಾಕೌಟ್ ಅಂತ, ಅದೇ ನನ್ನ ಪಾರ್ಟು. ಅದಕ್ಕೂ ವಿದ್ಯೆ ಬೇಕು. ದೀಪ ಆರುವ ಮೊದಲೇ ವಿಂಗ್‌ನಲ್ಲಿ, ಅಂದರೆ ರಂಗದ ಪಕ್ಕದ ಮರೆಯಲ್ಲಿ, ಒಂದು ಕಣ್ಣು ಮುಚ್ಚಿ ನಿಂತಿರಬೇಕು. ದೀಪ ಆರಿದ ಮೇಲೆ ತೆರೆದರೆ ಆ ಕಣ್ಣಿಗೆ ಆಗಲೇ ಕತ್ತಲು ಒಗ್ಗಿರುತ್ತದೆ. ಸಾಮಾನು ಎಲ್ಲಿಡಬೇಕು ಅಂತ ತೋರಿಸಲು ನೆಲದ ಮೇಲೆ ಕತ್ತಲಲ್ಲಿ ಹೊಳೆಯುವ ಟೇಪಿನ ಚೂರು ಅಂಟಿಸಿರುತ್ತಾರೆ. ನಾವು ರೇಡಿಯಂ ಅಂತೀವಿ. ಅದರಲ್ಲಿ ರೇಡಿಯಂ ಏನೂ ಇರುವುದಿಲ್ಲ, ಸುಮ್ನೆ ಹೆಸರು.

ಈ ಕೆಲಸಕ್ಕೆ ಬಿದ್ದ ಮೇಲೆ ನನಗೊಂದು ಚಟ ಅಂಟಿದೆ. ಯಾವ ನಾಟಕಕ್ಕೆ ಹೋದರೂ ದೃಶ್ಯಕ್ಕಿಂತ ದೃಶ್ಯ ಬದಲಾಗುವುದನ್ನೇ ಜಾಸ್ತಿ ನೋಡುತ್ತೇನೆ. ನಾಯಕಿ ಮಂಚದ ಮೇಲೆ ಬಿದ್ದು ಅಳುತ್ತಿದ್ದರೆ, ಆ ಮಂಚ ಎತ್ತುವವರು ಎಷ್ಟು ಜನ ಅನ್ನುವ ಚಿಂತೆ ನನ್ನದು.

ನಮ್ಮೂರಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ. ಜಾತ್ರೆಗೆ ನಾಟಕದ ಕಂಪನಿ ಬಂದಿದ್ದಾಗ ದೊಡ್ಡವ್ವನ ಜೊತೆ ಹೋಗಿದ್ದೆ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ನಾಟಕ ನೋಡಿ ಬೆಳೆದವಳು ಅವಳು. ಹೀಗಾಗಿ ನಾಟಕದ ವಿಷಯದಲ್ಲಿ ನನಗಿಂತ ಸೀನಿಯರ್. ತಗಡಿನ ಶೆಡ್ಡು, ಕಬ್ಬಿಣದ ಕುರ್ಚಿ, ಕೈಯಲ್ಲಿ ಮಂಡಕ್ಕಿ ಮಿರ್ಚಿ ಪೊಟ್ಟಣ. ನಾನು ನೋಟ್‌ಬುಕ್ ತೆಗೆದೆ.

"ಅದೇನ್ ಬರ್ಕೊಂತೀಯಲೇ ಕತ್ತಲಾಗೆ? ನಾಟಕ ನೋಡು."

ಕಂಪನಿಯವರು ದೃಶ್ಯ ಬದಲಿಸಲು ಕತ್ತಲು ಮಾಡುವುದಿಲ್ಲ. ಮಾಡಿದರೆ ಜನ ಸಿಳ್ಳೆ ಹೊಡೆಯುತ್ತಾರೆ. ಶ್ರೀಮಂತರ ಮನೆಯ ಸೀನು ಮುಗಿದದ್ದೇ ತಡ, ಮುಂದೆ ರೋಡ್ ಸೀನಿನ ಪರದೆ ಇಳಿಯಿತು. ಎರಡು ಕಡೆ ಅಂಗಡಿ, ನಡುವೆ ದೂರಕ್ಕೆ ಹೋಗುವ ರಸ್ತೆ, ಎಲ್ಲ ಬಣ್ಣದಲ್ಲಿ ಬರೆದದ್ದು. ಪರದೆಯ ಮುಂದೆ ಉಳಿಯುವುದು ನಾಲ್ಕು ಹೆಜ್ಜೆ ಜಾಗ. ಅಷ್ಟರಲ್ಲೇ ಹಾಸ್ಯ ಕಲಾವಿದ ಬಂದ. ಅವನು ಮುಂದೆ ನಗಿಸುತ್ತಿರುವಾಗ ಹಿಂದೆ ಜೈಲೋ ಆಸ್ಪತ್ರೆಯೋ ಎದ್ದು ನಿಲ್ಲುತ್ತದೆ.

ಆ ಪರದೆ ನೆಲದಿಂದ ಗೇಣುದ್ದ ಮೇಲಿತ್ತು. ಜನ ಹಾಸ್ಯಗಾರನ ಮುಖ ನೋಡುತ್ತಿದ್ದರು, ನಾನು ಆ ಸಂದಿ ನೋಡುತ್ತಿದ್ದೆ. ನಾಲ್ಕು ಬರಿಗಾಲು ಎಡದಿಂದ ಬಂದವು. ನಡುವೆ ಸೋಫಾದ ನಾಲ್ಕು ಕಾಲು ತೇಲುತ್ತ ಬಂದವು. ಒಂದು ಬರಿಗಾಲು ಎಡವಿತು. ಧಡಾರ್! ಏನೋ ಬಿತ್ತು. ಹಾಸ್ಯಗಾರ ಮಾತು ನಿಲ್ಲಿಸಲೇ ಇಲ್ಲ. ಕಿವಿಗೆ ಕೈ ಹಚ್ಚಿ, "ನಮ್ಮ ಮಾವ ಇವತ್ತೂ ಕುಡ್ದು ಬಂದಾನ ಅಂತ ಕಾಣ್ತೈತಿ" ಅಂದ. ಜನ ಬಿದ್ದು ಬಿದ್ದು ನಕ್ಕರು. ಆಮೇಲೆ ಮಾವನ ಕುಡಿತದ ಮೇಲೆ ಮೂರು ನಿಮಿಷ ಎಳೆದ. ಒಳಗಿನಿಂದ ಸಣ್ಣದೊಂದು ಸಿಳ್ಳೆ ಕೇಳಿಸಿತು. ಅಲ್ಲಿಗೆ ಮಾವನನ್ನು ಅಷ್ಟಕ್ಕೇ ಬಿಟ್ಟು, ಕ್ಯಾಸಿಯೋ ನುಡಿಸುವವನಿಗೆ ಕಣ್ಣು ಹೊಡೆದು, ಅರ್ಧ ಹಾಡು ಹೇಳಿ ಹೊರಟೇಹೋದ. ಪರದೆ ಮೇಲೇರಿದರೆ ಆಸ್ಪತ್ರೆ ಸಿದ್ಧ. ಆ ಮೂರು ನಿಮಿಷ ಯಾವ ಪುಸ್ತಕದಲ್ಲೂ ಬರೆದಿಟ್ಟಿರಲಿಕ್ಕಿಲ್ಲ. ನಾನು ಬರೆದುಕೊಂಡೆ, ದೊಡ್ಡವ್ವ ಬೈದರೂ.

ಜಗಳೂರಿನ ಕಡೆ ಒಂದು ಊರಲ್ಲಿ ದೊಡ್ಡಾಟ ನೋಡಿದೆ, ರಾತ್ರಿಯೆಲ್ಲ ನಡೆಯುವ ಬಯಲಾಟ. ಅಲ್ಲಿ ಈ ರಗಳೆಯೇ ಇಲ್ಲ. ಇಬ್ಬರು ಒಂದು ಬಟ್ಟೆ ಅಡ್ಡ ಹಿಡಿಯುತ್ತಾರೆ, ಅದೇ ತೆರೆ. ಅದರ ಮೇಲೆ ಕಿರೀಟ, ಕೆಳಗೆ ಗೆಜ್ಜೆ ಕಟ್ಟಿದ ಕಾಲು. ತೆರೆ ಸರಿದರೆ ಅರಮನೆ. ಸಾರಥಿ ಬಂದು ಹೆಸರು ಕೇಳುತ್ತಾನೆ, ರಾಜ ಹೇಳುತ್ತಾನೆ. ಕಾಡಿಗೆ ಹೋಗಬೇಕೆಂದರೆ ರಂಗಸ್ಥಳವನ್ನು ಎರಡು ಸುತ್ತು ಹಾಕಿದರೆ ಆಯಿತು, ಕಾಡು ಬಂತು. ಬೆಳಗಿನ ಜಾವಕ್ಕೆ ನನಗೆ ನಿದ್ದೆ ಹತ್ತಿತು. ಯಾರು ಗೆದ್ದರೋ ತಿಳಿಯಲಿಲ್ಲ.

ನವೆಂಬರಿನಲ್ಲಿ ಸಾಣೇಹಳ್ಳಿಯ ನಾಟಕೋತ್ಸವಕ್ಕೆ ಹೋಗಿದ್ದೆ. ಹೊಸದುರ್ಗ ತಾಲ್ಲೂಕಿನ ಹಳ್ಳಿ ಅದು. ಅಲ್ಲಿನ ಪಂಡಿತಾರಾಧ್ಯ ಸ್ವಾಮಿಗಳು 1997ರಲ್ಲಿ ಶಿವಸಂಚಾರ ಅನ್ನುವ ತಿರುಗಾಟದ ತಂಡ ಕಟ್ಟಿದರು. ಬಯಲು ರಂಗಮಂದಿರದ ಮೆಟ್ಟಿಲ ಮೇಲೆ ಕೂತರೆ ಚಳಿ ಕೆಳಗಿನಿಂದ ಏರುತ್ತದೆ. ನಾನು ನೋಡಿದ ನಾಟಕದಲ್ಲಿ ಕುಣಿಯುವ ಮೇಳದವರೇ ಹಾಡುತ್ತ ಹಾಡುತ್ತ ಎರಡು ಮರದ ಪೆಟ್ಟಿಗೆ ತಿರುಗಿಸಿಟ್ಟರು. ಬಾವಿ ಹೋಗಿ ಕಟ್ಟೆಯಾಯಿತು. ಬೆಳಕಿನಲ್ಲೇ, ಎಲ್ಲರ ಕಣ್ಣೆದುರಿಗೇ. ಚಪ್ಪಾಳೆ ಬಿತ್ತು. ಪೆಟ್ಟಿಗೆ ಹೊತ್ತವರಿಗೆ ಚಪ್ಪಾಳೆ! ನನಗೆ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ.

ಇಷ್ಟೆಲ್ಲ ನೋಡಿ ಬಂದು ನಾವು ಮಾಡಿದ್ದು ಗಿರೀಶ ಕಾರ್ನಾಡರ 'ತುಘಲಕ್', ದೆಹಲಿ ಸುಲ್ತಾನನ ಕಥೆ. 1964ರ ನಾಟಕ, ಹದಿಮೂರು ದೃಶ್ಯ. ನನ್ನ ಲೆಕ್ಕದಲ್ಲಿ ಹನ್ನೆರಡು ಸಲ ಸಾಮಾನು ಹೊರುವುದು. ಓದುತ್ತಾ ಹೋದಾಗ ಒಂದು ವಿಷಯ ತಿಳಿದು ಕುಣಿದಾಡುವಂತಾಯಿತು. ಕಾರ್ನಾಡರು ಶಿರಸಿಯಲ್ಲಿ ಹುಡುಗನಾಗಿದ್ದಾಗ ಕಂಪನಿ ನಾಟಕ ನೋಡಿದವರು. ಈ ನಾಟಕ ಬರೆಯುವಾಗ ಕಂಪನಿಯ ಅದೇ ಲೆಕ್ಕ ಇಟ್ಟುಕೊಂಡೆ ಅಂತ ಅವರೇ ಹೇಳಿದ್ದಾರೆ. ಹಿಂದೆ ಅರಮನೆ, ಮುಂದೆ ರಸ್ತೆ, ರಸ್ತೆಯಲ್ಲಿ ನಗಿಸುವ ಜೋಡಿ. ಅಗಸ ಅಜೀಜ್ ಮತ್ತು ಅವನ ಗೆಳೆಯ ಆಜಂ ಆ ಜೋಡಿ. ಆದರೆ ಕೊನೆಗೆ ಬರುವ ಹೊತ್ತಿಗೆ ಅಜೀಜ್ ರಸ್ತೆಯಲ್ಲಿ ಉಳಿಯುವುದಿಲ್ಲ. ಸೀದಾ ಅರಮನೆಯೊಳಗೆ ಬಂದು ಸುಲ್ತಾನನ ಎದುರಿಗೇ ನಿಲ್ಲುತ್ತಾನೆ. ದುಗ್ಗಮ್ಮನ ಜಾತ್ರೆಯ ಆ ಹಾಸ್ಯಗಾರ ಪರದೆ ಎತ್ತಿ ಒಳಗೆ ನುಗ್ಗಿದ್ದರೆ ಹೇಗಿರುತ್ತಿತ್ತು, ಹಾಗೆ. ನಮ್ಮ ಮೇಷ್ಟ್ರಿಗೆ ಇದನ್ನು ಹೇಳಿದೆ. "ಗೊತ್ತು. ನೀನು ಮೊದಲು ಚದುರಂಗದ ಮಣೆ ಸರಿಯಾಗಿ ಇಡು" ಅಂದರು.

ಆ ಮಣೆಯೇ ನನ್ನನ್ನು ಮುಳುಗಿಸಿದ್ದು. ಎರಡನೇ ದೃಶ್ಯ ಶುರುವಾದಾಗ ತುಘಲಕ್ ಒಬ್ಬನೇ ಕೂತು ಚದುರಂಗ ಆಡುತ್ತಿರಬೇಕು. ದೊಡ್ಡವ್ವನ ಕರೆಂಟಿನ ಮಾತಿಗೆ ನನ್ನ ಕೈ ಅಲುಗಿತು. ಒಂದು ಕುದುರೆ ಟಣ್ಣೆಂದು ಬಿದ್ದು ಉರುಳಿತು. ರೇಡಿಯಂ ಚೂರಿನ ಮೇಲೆ ಮಣೆ ಇಟ್ಟು, ಕುದುರೆಗಾಗಿ ತಡಕಾಡಿದೆ. ಅಷ್ಟರಲ್ಲಿ ದೀಪ ಹತ್ತಿತು. ನಾನು ಮೊಣಕಾಲೂರಿ ದೆಹಲಿ ಸುಲ್ತಾನನ ಪಾದದ ಹತ್ತಿರ ಇದ್ದೆ, ಕರಿ ಟೀ ಶರ್ಟಿನಲ್ಲಿ.

ಸುಲ್ತಾನ ಮಣೆಯಿಂದ ತಲೆ ಎತ್ತಲಿಲ್ಲ. ಸುಮ್ಮನೆ ಅಂಗೈ ಚಾಚಿದ. ಕುದುರೆ ಸಿಕ್ಕಿತ್ತು, ಅದರ ಮೇಲಿಟ್ಟೆ. ತಲೆ ಬಾಗಿಸಿ, ಬೆನ್ನು ತೋರಿಸದೆ ಹಿಂದಕ್ಕೆ ಹಿಂದಕ್ಕೆ ನಡೆದು ವಿಂಗ್ ಸೇರಿದೆ. ಅಲ್ಲಿ ಮೇಷ್ಟ್ರು ನಿಂತಿದ್ದರು. ಅವರು ಅಂದ ಮಾತು ಇಲ್ಲಿ ಬೇಡ.

ನಾಟಕ ಮುಗಿದ ಮೇಲೆ ದೊಡ್ಡವ್ವನನ್ನು ಹೇಗಿತ್ತು ಅಂತ ಕೇಳಿದೆ. "ಆ ರಾಜ ಬಾಳ ಮಾತಾಡ್ತಾನೆ. ನೀನು ಕುದುರೆ ಕೊಟ್ಟು ಹೋದ್ಯಲ್ಲ, ಅದು ಚೆನ್ನಾಗಿತ್ತು. ಆಮ್ಯಾಕೆ ಯಾಕೆ ಬರ್ಲೇ ಇಲ್ಲ ನೀನು?"

"ಬಂದಿದ್ದೆ ದೊಡ್ಡವ್ವ. ಇನ್ನೂ ಹನ್ನೊಂದು ಸಲ ಬಂದಿದ್ದೆ."

"ಕತ್ತಲಾಗೆ ಬಂದ್ರೆ ಯಾರಿಗೆ ಕಾಣ್ತೈತಿ?" ಅಂದಳು. ನನ್ನ ಜೇಬಿನಲ್ಲಿ ಉಳಿದಿದ್ದ ಟೇಪಿನ ಚೂರು ತೋರಿಸಿ ಎಲ್ಲ ವಿವರಿಸಿದೆ. ತಿರುಗಿಸಿ ಮುರುಗಿಸಿ ನೋಡಿ ಸೆರಗಿಗೆ ಗಂಟು ಹಾಕಿಕೊಂಡಳು. ಈಗ ಅದು ಅವಳ ಬ್ಯಾಟರಿಯ ಮೇಲಿದೆ. ರಾತ್ರಿ ಕರೆಂಟ್ ಹೋದರೆ ದಿಂಬಿನ ಪಕ್ಕ ಹಸಿರಾಗಿ ಹೊಳೆಯುತ್ತದೆ.